ತೋಳಿನ ಬಿಲ್ಲೆ

ಮೇ 5, ಸೋಮವಾರ

ಈ ಪುಸ್ತಕ ಅಡಿಗೆ ಚಿಕ್ಕಸ್ವಾಮಿದು, ಹುಲ್ಲಹಳ್ಳಿ. ಸಿಕ್ದೋರು ತಂದ್ಕೊಡಿ, ಓದ್ಬ್ಯಾಡಿ.

ಮಗಳು ಕೋಮಲ ಕೊಟ್ಲು. ಅವ್ಳು ಕೆಲ್ಸ ಮಾಡೋ ನಂಜನಗೂಡಿನ ಲ್ಯಾಬಿಗೆ ವರ್ಸಾ ವರ್ಸಾ ಡೈರಿ ಬತ್ತದಂತೆ, ಯಾರೂ ಬರಿಯಲ್ವಂತೆ. "ಅಪ್ಪ, ಏನೇನ್ ತಿಂತೀಯೋ ಎಲ್ಲಾ ಬರಿ, ಡಾಕ್ಟ್ರು ಕೇಳ್ತಾರೆ" ಅಂದ್ಲು. ತಿಂದಿದ್ದು ಬೇರೆ ಆಳೇಲಿ ಬರಿತೀನಿ. ಇದು ನಂದು. ನಾಕ್ನೇ ಕ್ಲಾಸಿಗೆ ಸ್ಕೂಲ್ ಬುಟ್ಟೋನ ಕೈಗೆ ಇಷ್ಟು ದಪ್ಪ ಪುಸ್ತಕ ಕೊಟ್ರೆ ಸುಮ್ಕಿರಕಾದದಾ.

ಇವತ್ತು ಆಸ್ಪತ್ರೆ. ಬಲಗಾಲಿನ ಎಬ್ಬೆಟ್ಟಿನ ಕೆಳ್ಗೆ ಗಾಯ. ಕಾಲು ನಂದು, ಸುದ್ದಿ ಮಾತ್ರ ನಂಗೆ ಕೊನೇಲಿ ಬಂತು. ನೆನ್ನೆ ನಡುಮನೇಲಿ ಕೆಂಪ್ ಕೆಂಪು ಎಜ್ಜೆ ಕಂಡು, "ಯಾರ್ ಮೀ ಬೀಟ್ರೂಟ್ ತುಳ್ಕಂಡ್ ಓಡಾಡಿರೋದು" ಅಂತ ನಮ್ಮೋಳ್ನೇ ಬಯ್ದೆ. ಎಂಡ್ತಿ ಮರಿತಾಯಮ್ಮ ಎಜ್ಜೆ ಇಡ್ಕಂಡು ಬಂದು ಬಂದು ನನ್ ಕಾಲ್ ತಾವ ನಿಂತ್ಲು. ಪೋಲೀಸ್ ನಾಯಿಗೆ ಸಂಬ್ಳ ಕೊಟ್ಟು ಸಾಕ್ತಾರಲ್ಲ, ದಂಡ.

ಎಲ್ಲೋ ಒಲೆ ಕೆಂಡ ಮೆಟ್ಟಿದ್ದೀರ ಅಂದ್ರು ಡಾಕ್ಟ್ರಮ್ಮ. ಕಣ್ ಮುಚ್ಚಿಸಿ, ಮೀನ್ ಗಾಳದ ದಾರದಂಗಿರೋ ಒಂದ್ ಎಳೆ ತಗಂಡು, "ಪಾದಕ್ಕೆ ಮುಟ್ಟಿಸ್ತೀನಿ, ಗೊತ್ತಾದಾಗ ಹೇಳಿ" ಅಂದ್ರು. ಕಾದೆ. ಕಾದೆ. "ಶುರು ಮಾಡಿ ಮೇಡಂ, ಬಸ್ಸಿಗೆ ಒತ್ತಾಯ್ತು" ಅಂದೆ.

"ಮುಗೀತು" ಅಂದ್ರು.

ನಾನು ನಕ್ಕೆ. ಅವ್ರು ನಗ್ಲಿಲ್ಲ. ಕೋಮಲಾನೂ ನಗ್ಲಿಲ್ಲ.

"ಸಕ್ಕರೆ ಕಾಯಿಲೆ ಕಾಲಿನ ನರ ತಿಂದಿದೆ. ಮಾತ್ರೆ ಬದಲಾಯಿಸ್ತೀನಿ. ಎರಡು ವಾರ ನೋಡೋಣ. ಸಕ್ಕರೆ ಇಳಿದ್ರೆ ಗಾಯ ಮಾಗುತ್ತೆ. ಇಳೀಲಿಲ್ಲ ಅಂದ್ರೆ ಹೆಬ್ಬೆಟ್ಟು ತೆಗೀಬೇಕಾಗುತ್ತೆ."

"ಒಂದ್ ತಗುದ್ರೆ ಸಾಕಾ ಮೇಡಂ, ಜೊತೆ ತಪ್ಪಲ್ವಾ" ಅಂದೆ.

ಅದಕ್ಕೂ ನಗ್ಲಿಲ್ಲ. ಈಚೀಚ್ಗೆ ಡಾಕ್ಟ್ರುಗಳಿಗೆ ಇದೊಂದ್ ಕಲಿಸಲ್ಲ ಅಂತ ಕಾಣ್ತದೆ.

ಅದ್ನೆಂಟಕ್ಕೆ ತಿ. ನರಸೀಪುರದಲ್ಲಿ ರಾಜೇಂದ್ರ ಮೇಷ್ಟ್ರ ಮಗಳ ಮದ್ವೆ. ಲಾಡು ನನ್ ಕೈದೇ ಆಗ್ಬೇಕು ಅಂತ ಓದ್ ವರ್ಸದಿಂದ ಏಳವ್ರೆ. ಕಾಲು ಇರ್ಲಿ ಬುಡ್ಲಿ, ಲಾಡು ಕಾಲಲ್ಲಿ ಕಟ್ಟಕಿಲ್ಲ.

ಮೇ 6, ಮಂಗಳವಾರ

ಬಿಲ್ಲೆ ಆಕುದ್ರು. ಇದ್ನ ಬರೀಲೇಬೇಕು.

ಎಡತೋಳಿನ ಇಂದ್ಗಡೆ, ಅಂಗಿ ಗುಂಡಿಗಿಂತ ದೊಡ್ಡದು, ಬೆಳ್ಳಗದೆ. ಟಪ್ ಅಂತು, ಅಂಟ್ಕತು. ಕೆಳ್ಗಡೆ ಕೂದ್ಲಂಥ ಒಂದ್ ಎಳೆ ಚರ್ಮದೊಳ್ಗೆ ಓಗಿರ್ತದಂತೆ. ಸೆನ್ಸರ್ ಅಂತಾರೆ.

"ಒಳ್ಗೋಗಿ ಏನ್ ಮಾಡ್ತದಮ್ಮಿ ಅದು" ಅಂದೆ ಕೋಮಲನ್ನ.

"ಆ ಎಳೆಗೆ ಒಂದ್ ಮದ್ದು ಬಳ್ದವ್ರೆ ಅಪ್ಪ. ಚರ್ಮದ ಕೆಳ್ಗೆ ನೀರಿರ್ತದಲ್ಲ, ಅದ್ರಲ್ಲಿ ಸಕ್ರೆ ಬಂದ್ರೆ ಮದ್ದಿಗೂ ಸಕ್ರೆಗೂ ಸೇರಿ ಚೂರೇ ಚೂರು ಕರೆಂಟ್ ಉಟ್ತದೆ. ಸಕ್ರೆ ಜಾಸ್ತಿ ಆದಂಗೆ ಕರೆಂಟ್ ಜಾಸ್ತಿ. ಬಿಲ್ಲೆ ಅದ್ನ ಅಳ್ದು ನಂಬರ್ ಮಾಡಿ ಫೋನಿಗೆ ಆಕ್ತದೆ."

"ನನ್ ಮೈಯಲ್ಲಿ ಕರೆಂಟಾ? ಮೊದ್ಲೇ ಗೊತ್ತಿದ್ರೆ ಮನೆಗೆ ಮೀಟ್ರೇ ಆಕಿಸ್ತಿರ್ಲಿಲ್ಲ."

ಆದ್ರೂ ಎಂಗ್ ಮಾಡವ್ರೆ ನೋಡು. ನಾನು ಕುಂತ್ರೂ ನಿಂತ್ರೂ ಅದು ಬರ್ಕತಾನೇ ಇರ್ತದೆ. ಅದಕ್ಕೆ ನಾನು ಶಾನುಭೋಗ ಅಂತ ಎಸ್ರಿಟ್ಟೆ. ನಮ್ ತಾತನ ಕಾಲದ ಶಾನುಭೋಗ್ರಿಗಾದ್ರೆ ಒಂದ್ ಕುಂಬ್ಳಕಾಯಿ ಕೊಟ್ರೆ ಲೆಕ್ಕ ಒಸಿ ಬಗ್ತಿತ್ತಂತೆ. ಇವ್ನು ಕುಂಬ್ಳಕಾಯಿ ತಿಂದ್ರೆ ಅದ್ನೂ ಬರ್ಕತಾನೆ.

ಒಂದೇ ಬ್ಯಾಸರ. ನನ್ ಫೋನಿಗೆ ಬರೋದೆಲ್ಲ ಮರಿತಾಯಮ್ಮನ ಫೋನಿಗೂ ಓಗಂಗೆ ಮಾಡ್ಬುಟ್ಟವ್ಳೆ ಕೋಮಲ. ಮೇಲಕ್ಕೋದ್ರೆ ಒಂದ್ ತರ ಕೂಗ್ತದೆ, ಕೆಳಕ್ಕೋದ್ರೆ ಇನ್ನೊಂದ್ ತರ. "ಅವ್ವ, ಮೇಲಕ್ಕೋದ್ರೆ ಬಯ್ಯಿ. ಕೆಳಕ್ಕೋದ್ರೆ ಮಾತ್ರ ಬಯ್ಯಕೆ ನಿಲ್ಬ್ಯಾಡ, ಎಚ್ರ ತಪ್ಪಿ ಬಿದ್ಬುಡ್ತಾನೆ. ಓಡೋಗಿ ಬೆಲ್ಲದ ನೀರು ಕುಡ್ಸು" ಅಂತ ಪಾಠ ಏಳ್ಕೊಟ್ಲು. ನಮ್ಮೋಳು ಎರಡು ಕೂಗ್ನೂ ಆಕ್ಸಿ ಆಕ್ಸಿ ಕೇಳುದ್ಲು, ಆಡು ಕಲಿಯೋರಂಗೆ.

ಮೇ 7, ಬುಧವಾರ

ಮೋಸ. ಶುದ್ಧ ಮೋಸ. ಕಾಫಿಗೆ ಸಕ್ರೆ ಇಲ್ಲ, ಬೆಲ್ಲ ಮುಟ್ಟಿಲ್ಲ. ಇಡ್ಲಿ ತಿಂದೆ, ಬರೀ ಇಡ್ಲಿ, ಮಲ್ಲಿಗೆ ಉವ್ವಿನಂಥ ಇಡ್ಲಿ. ಮುಕ್ಕಾಲ್ ಗಂಟೆಗೆ ನಂಬರ್ರು ತೆಂಗಿನ್ ಮರ ಅತ್ತಂಗೆ ಅತ್ಬುಡ್ತು. ಇನ್ನೂರೈವತ್ತು ದಾಟ್ತಿದ್ದಂಗೇ ಮರಿತಾಯಮ್ಮನ ಸೊಂಟದಿಂದ ಕೂಗು ಬಂತು.

ಕೋಮಲಂಗೆ ಫೋನ್ ಮಾಡ್ದೆ. "ನಿನ್ ಶಾನುಭೋಗ ಸುಳ್ಳು ಬರಿತಾ ಅವ್ನೆ."

"ಎಷ್ಟ್ ಇಡ್ಲಿ ತಿಂದೆ ಅಪ್ಪ?"

"ಇಡ್ಲಿ ಎಣಿಸ್ಕಂಡ್ ತಿನ್ನೋಕೆ ನಾನೇನ್ ನೆಂಟ್ರ ಮನೇಗ್ ಓಗಿದ್ನಾ?"

ಅಕ್ಕಿ ಒಟ್ಟೆಗೋದ್ರೆ ಸಕ್ರೆನೇ ಆದದಂತೆ. ಇಷ್ಟ್ ವರ್ಸ ಅಡಿಗೆ ಮಾಡಿದ್ದೀನಿ, ಒಬ್ರಾದ್ರೂ ಏಳ್ಬಾರ್ದಾ. ಸಾವಿರ ಜನಕ್ಕೆ ಅನ್ನ ಇಕ್ತಿದ್ದೆ ಅನ್ಕಂಡಿದ್ದೆ, ಲಾಡುನೇ ಇಕ್ತಿದ್ನಲ್ಲಪ್ಪ.

ಮೇ 9, ಶುಕ್ರವಾರ

ಎಲ್ಡು ದಿನದಿಂದ ಬೇರೆ ಕೆಲ್ಸವೇ ಇಲ್ಲ. ಒಂದೊಂದೇ ತಿನ್ನೋದು, ಫೋನ್ ನೋಡೋದು. ಮೊಟ್ಟೆ ತಿಂದೆ, ಶಾನುಭೋಗ ಮಲ್ಗಿದ್ದೋನು ಮಗ್ಲೂ ತಿರುಗ್ಲಿಲ್ಲ. ಸೌತೆಕಾಯಿಗೂ ಅಂಗೇ. ಒಂದ್ ಮುದ್ದೆ ರಾಗಿ ಇಟ್ಟು, ಜೊತೆಗೆ ಸೊಪ್ಪಿನ್ ಸಾರು ಅಂದ್ರೆ ಮೆಲ್ಗೆ ಅತ್ತಿ ಮೆಲ್ಗೆ ಇಳಿತಾನೆ. ಮೂರ್ ಮುದ್ದೆ ತಿಂದ್ರೆ ಓಡ್ತಾನೆ. ರಸಬಾಳೆ ಅರ್ಧ ತಿಂದೆ, ತಡ್ಕಂಡ. ಇನ್ನರ್ಧಕ್ಕೆ ಕೈ ಆಕ್ದೆ, ನಮ್ಮೋಳು ಕಿತ್ಕಂಡ್ಲು. ಊಟ ಆದ್ಮೇಲೆ ಮನೆ ಮುಂದಿನ ಅಟ್ಟಿಲಿ ಎಲ್ಡು ಸುತ್ತು ತಿರುಗುದ್ರೆ ನಂಬರ್ ಇಳಿತದೆ, ಆದ್ರೆ ಕಾಲಿಗೆ ಪಟ್ಟಿ, ನಡಿಯಂಗಿಲ್ಲ. ಕುಂತಲ್ಲೇ ಕೈ ಬೀಸಿ ಬೀಸಿ ಆಡಿಸ್ದೆ. ಬೀದೀಲಿ ಓಗೋರೆಲ್ಲ ನಂಗೆ ಕೈ ಬೀಸಿ ಓದ್ರು.

ಡ್ರೆಸ್ಸಿಂಗಿಗೆ ನಂಜನಗೂಡಿಗೆ ಓದಾಗ ನೋಡ್ತೀನಿ, ಲೋಕ ಪೂರಾ ಸೆನ್ಸರೇ. ಆಸ್ಪತ್ರೆ ನಲ್ಲಿ ಕೆಳ್ಗೆ ಕೈ ಒಡ್ಡುದ್ರೆ ನೀರು ಬತ್ತದೆ. ಕಾಣ್ದಿರೋ ಬೆಳಕು ಬುಟ್ಕಂಡು ಕೂತಿರ್ತದಂತೆ ಅದು, ಕೈಗೆ ಬಡ್ದು ವಾಪಸ್ ಬಂದ್ರೆ ಓ ಗಿರಾಕಿ ಬಂದ ಅಂತ ನೀರು ಬುಡ್ತದೆ. ನಾನು ಚೀಲದಲ್ಲಿದ್ದ ಸೌಟು ತಗ್ದು ಒಡ್ಡಿದೆ, ಅದಕ್ಕೂ ಬುಡ್ತು. ಜಾತಿ ಕೇಳಲ್ಲ. ಬೀದಿ ದೀಪ ಮುಸ್ಸಂಜೆಗೆ ತಾನೇ ಅತ್ಕತದೆ, ಅದಕ್ಕೆ ಬೆಳ್ಕು ಕಮ್ಮಿ ಆಗಿದ್ದು ತಿಳಿತದೆ. ಕಿವಿಗೆ ಫೋನ್ ಇಟ್ರೆ ಪರದೆ ಆರೋಗ್ತದೆ, ಕೆನ್ನೆ ಅತ್ರ ಬಂತು ಅಂತ. ಪಕ್ಕದ್ಮನೆ ಉಡ್ಗನ ಸ್ಕೂಟ್ರು ಸ್ಟ್ಯಾಂಡ್ ತಗೀದೆ ಇದ್ರೆ ಸ್ಟಾರ್ಟೇ ಆಗಲ್ಲ.

ಮರಿತಾಯಮ್ಮಂಗೆ ಇದ್ನೆಲ್ಲಾ ಏಳ್ದೆ. ಅವ್ಳು ಈರುಳ್ಳಿ ಬುಡ್ಸ್ತಾ, "ನಲ್ಲಿಗೆ ತಿಳಿತದೆ, ದೀಪಕ್ಕೆ ತಿಳಿತದೆ, ನಿನ್ ಕಾಲಿಗೆ ತಿಳಿಯಲ್ಲ" ಅಂದ್ಲು. ಕಣ್ಣಲ್ಲಿ ನೀರು. ಈರುಳ್ಳಿ ಘಾಟು.

ಮೇ 11, ಭಾನುವಾರ

ಹದಿನಾರು ಊರಲ್ಲಿ ಬೀಗರೂಟ. ಕುರ್ಚಿ ಆಕ್ಕಂಡು ಒಲೆ ಮುಂದೆ ಕುಂತೆ. ನನ್ ಜೊತೆಗಾರ ದೇವರಾಜು ಇಟ್ಟು ತಿರುವ್ತಾ ಇದ್ದ.

ಅಡಿಗೆಯವ್ನು ರುಚಿ ನೋಡ್ದೆ ಎಲೆಗೆ ಬಡಿಸೋದುಂಟಾ. ಅಂಗೈಗೆ ಒಂದ್ ತೊಟ್ಟು ಸಾರು, ನೆಕ್ಕೋದು. ಬೋಟಿ ಗೊಜ್ಜು ಒಂದ್ ತೊಟ್ಟು. ಬಾದುಷಾಕ್ಕೆ ಪಾಕ ಇಟ್ಟಿದ್ರು, ಅದೂ ಒಂದ್ ತೊಟ್ಟು. ಎಲ್ಲಾ ತೊಟ್ಟೇ. ಆಮೇಲೆ ಇನ್ನೊಂದ್ ತೊಟ್ಟು, ಗ್ಯಾರಂಟಿ ಆಗ್ಲಿ ಅಂತ.

ಫೋನು ಬಡ್ಕತು. "ಕೋಮಲನಪ್ಪ, ಏನ್ ನೆಕ್ತಾ ಕುಂತಿದ್ದೀಯೆ?"

ಎಲ್ಲಿಯ ಹುಲ್ಲಹಳ್ಳಿ, ಎಲ್ಲಿಯ ಹದಿನಾರು. "ಉಪ್ಪು ನೋಡ್ದೆ ಮೀ."

"ಉಪ್ಪಿಗೆ ಇನ್ನೂರೆಂಬತ್ತು ಆಗಲ್ಲ. ಕೈ ತೊಳ್ಕೋ."

ದೇವರಾಜು ಸೌಟು ಬುಟ್ಟು ಒಟ್ಟೆ ಇಡ್ಕಂಡು ನಗ್ತಾನೆ. "ಲೋ ಚಿಕ್ಕಸ್ವಾಮಿ, ನಿನ್ ಎಂಡ್ತಿ ನಿನ್ ರಕ್ತದೊಳ್ಗೇ ಮನೆ ಮಾಡ್ಕಂಡವ್ಳೆ ಕಣ್ಲಾ."

"ಅವ್ಳನ್ನೇ ಕರ್ಕಬಾ ರುಚಿ ನೋಡಕೆ" ಅಂತ ಬೇರೆ ಅಂದ. ಮದ್ವೆ ಅಡಿಗೆ ಒಲೆ ತಾವ ಎಂಗಸ್ರ ಕೆಲ್ಸ ಏನು. ತರಕಾರಿ ಎಚ್ಚಿ ಕೊಟ್ರೆ ಸಾಕು. ಈ ನಾಲ್ಗೆ ಊರ್ ಕಂಡಿರೋ ನಾಲ್ಗೆ.

ಮೇ 12, ಸೋಮವಾರ

ಸಿಕ್ಬುಟ್ಟ ಶಾನುಭೋಗ.

ಬೆಳಿಗ್ಗೆ ಫೋನ್ ನೋಡ್ತೀನಿ, ರಾತ್ರಿ ಗೀಟು ಒಂದ್ ಕಡೆ ಬಾವಿಗೆ ಬಿದ್ದಂಗೆ ಬಿದ್ದದೆ, ಆಮೇಲೆ ಎದ್ದದೆ. ಯೋಚ್ನೆ ಮಾಡ್ದೆ. ಎಡ ಮಗ್ಲಿಗೆ ಮಲ್ಗಿದ್ದೆ, ಬಿಲ್ಲೆ ಮೇಲೇ ಭಾರ. ಕುಂತ್ಕಂಡು ಬಲಗೈಲಿ ಬಿಲ್ಲೆ ಅದುಮಿ ಇಡ್ದೆ. ಸ್ವಲ್ಪ ಒತ್ತಿಗೆ ನಂಬರ್ ಇಳಿಯಕೆ ಶುರು. ಬುಟ್ಟೆ, ಏರ್ತು. ಅದುಮ್ದೆ, ಇಳೀತು.

ಟವಲ್ ಮಡ್ಚಿ ತೋಳಿಗೆ ಬಿಗಿಯಾಗಿ ಕಟ್ದೆ. ಅಡಿಗೆಯವ್ನ ತೋಳಲ್ಲಿ ಟವಲ್ ಇದ್ರೆ ಯಾರ್ ಕೇಳ್ತಾರೆ.

ಮೇ 13, ಮಂಗಳವಾರ

ಇಡೀ ದಿನ ನೂರಾ ಮೂವತ್ತು, ನೂರಾ ನಲ್ವತ್ತು. ಮಧ್ಯಾಹ್ನ ಚಿತ್ರಾನ್ನ, ಸಂಜೆಗೆ ಜಿಲೇಬಿ. ಮರಿತಾಯಮ್ಮ ಫೋನ್ ನೋಡಿ ದೇವ್ರಿಗೆ ದೀಪ ಅಚ್ಚುದ್ಲು. ಕೋಮಲ "ಸೂಪರ್ ಅಪ್ಪ" ಅಂತ ಎಬ್ಬೆಟ್ಟು ಎತ್ತಿರೋ ಚಿತ್ರ ಕಳಿಸುದ್ಲು.

ಡ್ರೆಸ್ಸಿಂಗ್ ಮಾಡೋ ಸಿಸ್ಟ್ರು, "ನಂಬರ್ ಚೆನ್ನಾಗಿದೆ, ಗಾಯ ಯಾಕೋ ಹಸಿ ಹಸಿನೇ ಇದೆ" ಅಂದ್ರು. ಗಾಯಕ್ಕಿನ್ನೂ ಸುದ್ದಿ ತಲ್ಪಿಲ್ಲ ಸಿಸ್ಟ್ರೇ ಅಂದೆ. ನಕ್ರು. ಸದ್ಯ, ಒಬ್ರಾದ್ರೂ.

ಮೇ 14, ಬುಧವಾರ

ನಮ್ಮೂರ ಬಸ್ ಸ್ಟ್ಯಾಂಡ್ ಇಂದ್ಗಡೆ ಮನೆ ಒಕ್ಲು, ಒಬ್ಬಟ್ಟು ಮಾಡ್ತಾ ಕುಂತಿದ್ದೆ. ಟವಲ್ ಒಸಿ ಜಾಸ್ತಿ ಬಿಗಿ ಆಗಿತ್ತು ಅಂತ ಕಾಣ್ತದೆ. ಬಿಸಿ ಒಬ್ಬಟ್ಟು ತುಪ್ಪದಲ್ಲಿ ಅದ್ದಿ ಬಾಯಿಗಾಕ್ಕಂಡಿದ್ದೆ, ಎಲ್ಡನೇದು. ಫೋನು ಇನ್ನೊಂದ್ ತರ ಕೂಗ್ತು. ಕೆಳಕ್ಕೋದಾಗ ಕೂಗೋದು. ಅರವತ್ತು ತೋರ್ಸ್ತಾ ಇತ್ತು. ಕಟ್ಟು ಸಡ್ಲ ಮಾಡಾಣ ಅಂದ್ರೆ ಕೈ ತುಂಬಾ ಊರ್ಣ.

ಬಾಗ್ಲಲ್ಲಿ ಮರಿತಾಯಮ್ಮ. ಉಸ್ರು ಕಟ್ಕಂಡಿತ್ತು. ಕೈಲಿ ಚೊಂಬು. "ಬಾಯ್ ತಗಿ, ಬಾಯ್ ತಗಿ" ಅಂತ ಗದ್ದ ಇಡ್ದು ಬೆಲ್ಲದ ನೀರು ಸುರುದ್ಲು. ನಾನು ಏನಂತ ಏಳ್ಲಿ. ಬಾಯಲ್ಲಿ ಒಬ್ಬಟ್ಟು. ಅದೂ ನುಂಗ್ದೆ, ಇದೂ ನುಂಗ್ದೆ. ದೇವರಾಜು ಸೌಟು ಇಡ್ಕಂಡು ನಿಂತಿದ್ದ.

ಮೂಲೇಲಿ ಕುಂಡ್ರುಸ್ಕಂಡು, ನನ್ ಬೆನ್ ಸವ್ರುತಾ, ಫೋನ್ ನೋಡ್ತಾ ಕುಂತ್ಲು. ನಾನು ಮೆಲ್ಗೆ ಟವಲ್ ಬಿಚ್ದೆ. ನಂಬರ್ ಏರ್ತು. ಅವ್ಳು "ಏರ್ತದೆ, ಏರ್ತದೆ" ಅಂತ ಕುಸಿ ಪಟ್ಲು. ನೂರು ದಾಟ್ತು. ಇನ್ನೂರು ದಾಟ್ತು. ಬೆನ್ ಮೇಲಿನ ಕೈ ನಿಂತೋಯ್ತು. ಮುನ್ನೂರು ದಾಟ್ದಾಗ ನೆಲದ್ ಮೇಲಿದ್ದ ಟವಲ್ ನೋಡುದ್ಲು, ನನ್ ತೋಳಲ್ಲಿ ಬಿದ್ದಿದ್ದ ಗುರ್ತು ನೋಡುದ್ಲು.

"ಕಟ್ಟಿದ್ಯಾ?"

"ಊ."

"ಯಾವತ್ನಿಂದ?"

"ಮೊನ್ನೆಯಿಂದ."

ಬಯ್ಲಿಲ್ಲ. ಎದ್ದು ಓಗಕೆ ಕಾಲೂರುದ್ಲು, ಅಂಗೇ ಕುಂತ್ಬುಟ್ಲು. ಕಾಲಲ್ಲಿ ಚಪ್ಲಿ ಇಲ್ದೆ ಓಡ್ಬಂದವ್ಳೆ, ಮಟ್ಟ ಮಧ್ಯಾಹ್ನ, ಡಾಂಬ್ರು ರಸ್ತೆ. ಎಲ್ಡು ಪಾದದಲ್ಲೂ ಬೊಬ್ಬೆ.

"ಉರಿತದಾ?" ಅಂದೆ.

"ಉರಿತದೆ" ಅಂದ್ಲು. ಅಷ್ಟೇ.

ಆಟೋ ಮಾಡ್ಕಂಡು ಬಂದ್ವಿ. ಅವ್ಳ ಕಾಲಿಗೆ ನಾನು ಬೆಣ್ಣೆ ಅಚ್ದೆ. ನಂಗಾಗಿರೋ ಗಾಯಕ್ಕಿಂತ ಸಣ್ಣವು. ಮುಟ್ಟಿದ್ ಕಡೆ ಎಲ್ಲಾ ಎಳ್ಕತಿದ್ಲು.

ಮೇ 15, ಗುರುವಾರ

ಟವಲ್ ಕೊಟ್ಬುಟ್ಟೆ. ಒಗ್ದು ಒಣಗಾಕವ್ಳೆ.

ಒಂದ್ ಇಟ್ಟು, ಸೊಪ್ಪು. ಮಾತ್ರೆ.

ಮೇ 16, ಶುಕ್ರವಾರ

ಲಾಡು ಕಟ್ಟೋ ದಿನ. ಬೆಳಿಗ್ಗೆ ಮರಿತಾಯಮ್ಮಂಗೆ, "ರುಚಿ ನೋಡಕೆ ಒಂದ್ ಬಾಯಿ ಬೇಕು, ಬತ್ತೀಯಾ" ಅಂದೆ. ನೆನ್ನೆಯಿಂದ ಮಾತಿಲ್ದೋಳು, "ಕಾಲಿಗೆ ಏನ್ ಆಕ್ಕಳ್ಳಿ" ಅಂದ್ಲು. ಕೋಮಲನ ಮೆತ್ತನ್ ಚಪ್ಲಿ ಆಕ್ಕಂಡ್ಲು. ಕುಂಟ್ರಿಬ್ರೂ ಕೈ ಕೈ ಇಡ್ಕಂಡು ಬಸ್ ಅತ್ತುದ್ವಿ. ಕಂಡಕ್ಟ್ರು ಎಲ್ಲಿ ಬಿದ್ರಿ ಅಂದ. ಒಬ್ರ ಮೇಲೊಬ್ರು ಅಂದೆ. ನಮ್ಮೋಳು ನಕ್ಲು. ಎಲ್ಡು ದಿನ ಆಗಿತ್ತು.

ನರಸೀಪುರದ ಛತ್ರದ ಅಡಿಗೆಮನೆ ಗೋಡೇಲಿ, ನೆಲದ ಅತ್ರ, ಒಂದ್ ಬಿಳಿ ಡಬ್ಬಿ. ಗ್ಯಾಸ್ ಸೋರುದ್ರೆ ಮೂಸಿ ಕೂಗ್ತದಂತೆ. ನಂಗೆ ಆಸೆ ತಡಿಯಕಾಗ್ದೆ ಲೈಟ್ರು ತಗಂಡು, ಬೆಂಕಿ ಅತ್ತುಸ್ದಂಗೇ ಬರೀ ಗ್ಯಾಸ್ ಬುಟ್ಟೆ. ಎಂಥ ಮೂಗು ಅದು. ಛತ್ರದ ಮ್ಯಾನೇಜ್ರು ಊಟದ್ ಕೈಯಲ್ಲೇ ಓಡ್ಬಂದ. "ಪರೀಕ್ಷೆ ಮಾಡ್ದೆ ಸಾ, ಪಾಸು" ಅಂದೆ. ಅವ್ನು ಬಯ್ದಿದ್ದು ಇಲ್ಲಿ ಬರಿಯಕಾಗಲ್ಲ.

ಬೂಂದಿ ಕರ್ದು ರಾಶಿ ಆಕಿದ್ವಿ. ಪಾಕ ನಂದು. ಬೆಟ್ಟಲ್ಲಿ ಅದ್ದಿ ಎಬ್ಬೆಟ್ಟಿಗೆ ಸೇರ್ಸಿ ಎಳ್ದೆ. "ಎಳೆ ಬಂತು ಕಣ್ಲಾ, ಸುರಿ" ಅಂದೆ. ದೇವರಾಜು ನನ್ ಮುಖ ನೋಡ್ದ. "ಬಂತಾ?" "ಬಂತು ಸುರ್ಯೋ." ಸುರ್ದ. ಕಟ್ಟುದ್ವಿ. ಒಂದೂ ನಿಲ್ಲಲಿಲ್ಲ, ಮರಳಂಗೆ ಉದುರ್ತಾವೆ. ಸಕ್ರೆ ಸರಿ ಇಲ್ಲ ಅಂದೆ. ಕಡ್ಲೆ ಇಟ್ಟು ಸರಿ ಇಲ್ಲ ಅಂದೆ. ಇನ್ನೂ ಒಂದಿಬ್ರ ಎಸ್ರು ಏಳ್ದೆ.

ಮರಿತಾಯಮ್ಮ ಉಳ್ದಿದ್ ಪಾಕಕ್ಕೆ ಬೆಟ್ಟಿಟ್ಟು ಉಸ್ ಅಂತ ಕಿತ್ಕಂಡ್ಲು. "ನಿಂಗ್ ಸುಡ್ಲಿಲ್ವಾ?"

"ಅನುಭವದ್ ಕೈ ಮೀ ಇದು."

ನನ್ ಕೈ ತಿರುಗ್ಸಿ ನೋಡುದ್ಲು. ಎಲ್ಡು ಬೆಟ್ಟಿನ ತುದೀಲೂ ಬೊಬ್ಬೆ ಎದ್ದಿತ್ತು. ಯಾವಾಗ ಎದ್ದಿತ್ತೋ. ದೇವರಾಜು ಬೇರೆ ಕಡೆ ನೋಡ್ದ.

"ಎದ್ದೇಳು" ಅಂದ್ಲು.

ನನ್ನ ಕುರ್ಚೀಲಿ ಕುಂಡ್ರುಸಿ, ಇನ್ನೊಂದ್ ಕುರ್ಚಿ ಮೇಲೆ ಕಾಲಿಡ್ಸುದ್ಲು, ಮದ್ವೆ ಗಂಡಿನಂಗೆ. ಸೆರಗು ಸಿಗ್ಸಿ ಒಲೆ ಮುಂದೆ ನಿಂತ್ಲು. ನಾನು ಏಳ್ತಾ ಓದೆ, ಅವ್ಳು ಮಾಡ್ತಾ ಓದ್ಲು. "ಈಗ ಬಂತು ನೋಡು" ಅಂದೆ. "ಸುಮ್ಕಿರು, ಇನ್ನೊಂದ್ ಕುದಿ ಬರ್ಲಿ" ಅಂದ್ಲು. ಬ್ಯಾಡ ಗಟ್ಟಿ ಆದದೆ ಅಂದೆ. ಕೇಳ್ಲಿಲ್ಲ. ಬೆಟ್ಟೆಳ್ದು ನಂಗೆ ತೋರುಸುದ್ಲು, ಎಲ್ಡು ಬೆಟ್ಟಿನ ನಡ್ವೆ ಒಂದೇ ಎಳೆ, ಕಡೀದೆ ನಿಂತಿತ್ತು.

ಉದುರ್ದಿದ್ನೂ ಸೇರ್ಸಿ ಮತ್ತೆ ಕಟ್ಟುದ್ವಿ. ಮೇಲಕ್ಕೆಸ್ದು ಇಡುದ್ರೂ ಒಡೀಲಿಲ್ಲ. ದೇವರಾಜು ಒಂದ್ ಬಾಯಿಗಾಕ್ಕಂಡು, "ಅತ್ಗೆ, ಇಷ್ಟ್ ದಿನ ಎಲ್ಲಿದ್ರಿ ನೀವು" ಅಂದ.

ನಾನೇ ಕರ್ಕಬಂದಿದ್ದು ಅಂತ ಅವ್ನಿಗೆ ಗ್ಯಾನ ಬೇಕಲ್ಲ.

ಮೇ 18, ಭಾನುವಾರ

ಮದ್ವೆ ಗೆದ್ವಿ.

ಬುದ್ಧನ ಮುಂದೆ ಪಂಚಶೀಲ ಏಳಿ ಉವ್ವಿನ ಆರ ಬದಲಾಯಿಸೋ ಮದ್ವೆ, ಮುಹೂರ್ತ ಅಂತ ಕಾಯೋ ಅಂಗಿಲ್ಲ. ನೋಡ್ ನೋಡ್ತಿದ್ದಂಗೆ ಪಂಕ್ತಿ ಕುಂತ್ಬುಡ್ತದೆ. ನಾನು ಕುರ್ಚೀಲಿ ಕುಂತೇ ನಡ್ಸ್ದೆ. ಅನ್ನದ್ ತಾವ ದೇವರಾಜು, ಸಾರು ಪಲ್ಯ ಎಲ್ಲಾ ನಮ್ಮೋಳ ನಾಲ್ಗೆ ದಾಟ್ಕಂಡೇ ಆಚ್ಗೋದ್ವು. ಒಂದ್ ಸಲ "ಉಪ್ಪು ಮುಂದು" ಅಂದ್ಲು. ನಾನು ಆಕ್ಸಿದ್ ಉಪ್ಪು. ಎಲ್ಡು ಚೊಂಬು ಬೇಳೆಕಟ್ಟು ಸುರ್ಸ್ದೆ, ಸರೋಯ್ತು.

ಕೊನೇ ಪಂಕ್ತಿ ಎದ್ಮೇಲೆ ರಾಜೇಂದ್ರ ಮೇಷ್ಟ್ರು ತಟ್ಟೇಲಿ ಲಾಡು ಇಟ್ಕಂಡು ಅಡಿಗೆಮನೆಗೆ ಬಂದ್ರು. ಇಂದೆ ಎಣ್ಣಿನ ತಾಯಿ, ಮದ್ವೆ ಎಣ್ಣು ಗಂಡು, ನೆಂಟ್ರು. ನಮ್ ಕಡೆ ಪದ್ಧತಿ, ಮದ್ವೆ ಸುಸೂತ್ರ ಆದ್ರೆ ಮನೆಯವ್ರು ಕೈಯಾರ ಅಡಿಗೆಯವ್ನ ಬಾಯಿಗೆ ಸಿಹಿ ಆಕ್ಬೇಕು. ಬ್ಯಾಡ ಅಂದ್ರೆ ಆ ಮನೆಗೇ ಬ್ಯಾಡ ಅಂದಂಗೆ. ನಾನು ಇವತ್ತಿನ ತಂಕ ಒಂದ್ ಮನೇಲೂ ಬ್ಯಾಡ ಅಂದಿಲ್ಲ.

"ಚಿಕ್ಕಸ್ವಾಮಿ, ಬಾಯ್ ತಗೀರಿ" ಅಂದ್ರು ಮೇಷ್ಟ್ರು.

ಲಾಡು ಮೂಗಿನ್ ಅತ್ರ ಬಂತು. ಪಚ್ಚ ಕರ್ಪೂರ, ಏಲಕ್ಕಿ. ಎಲ್ರೂ ನೋಡ್ತಾವ್ರೆ. ಮರಿತಾಯಮ್ಮ ಫೋನ್ ನೋಡ್ಲಿಲ್ಲ, ನನ್ನೂ ನೋಡ್ಲಿಲ್ಲ, ಪಾತ್ರೆ ಕಡೆ ತಿರುಗಿ ನಿಂತ್ಲು.

"ಸಾ, ಬಾಯಿ ತಪ್ಪಾಯ್ತು" ಅಂದೆ. "ಅಡಿಗೆ ಮಾಡ್ದೋರು ಅಲ್ಲಿ ಅವ್ರೆ. ಪಾಕ ಅವ್ಳ್ದು, ಉಪ್ಪು ಅವ್ಳ್ದು. ನಾನು ಕುರ್ಚಿ ಕಾದಿದ್ದು."

ಮೇಷ್ಟ್ರು ಅತ್ಲಾಗ್ ತಿರುಗುದ್ರು. ಎಣ್ಣಿನ ತಾಯಿ ತಟ್ಟೆ ಇಸ್ಕಂಡು ನಮ್ಮೋಳ ಬಾಯಿಗೆ ಅವ್ರೇ ಆಕುದ್ರು. ಎಂಡ್ತಿ ಲಾಡು ತುಂಬ್ಕಂಡು ಕೆನ್ನೆ ಊದುಸ್ಕಂಡು ನಿಂತಿದ್ಲು, ಅಳ್ತಾ ಅವ್ಳೋ ಅಗೀತಾ ಅವ್ಳೋ ಗೊತ್ತಾಗ್ಲಿಲ್ಲ.

ಎಂಗ್ ತಪ್ಪುಸ್ಕಂಡೆ ನೋಡು. ಶಾನುಭೋಗಂಗೆ ಬರಿಯಕೆ ಏನೂ ಸಿಗ್ಲಿಲ್ಲ. ನೂರಾ ನಲ್ವತ್ತೆಂಟು, ಟವಲ್ ಇಲ್ದೆ.

ಮೇ 20, ಮಂಗಳವಾರ

ಬಸ್ಸಲ್ಲಿ ಓಗೋವಾಗ ಒಂದ್ ಜೋಕೂ ಒಳೀಲಿಲ್ಲ. ಕೋಮಲ ಲ್ಯಾಬಿಗೆ ರಜೆ ಆಕಿದ್ಲು. ಮರಿತಾಯಮ್ಮ ಪಟ್ಟಿ ಬಿಚ್ಚೋ ತಂಕ ನನ್ ತೋಳು ಇಡ್ಕಂಡಿದ್ಲು, ಬಿಲ್ಲೆ ಇಲ್ದಿರೋ ಕಡೆ.

ಡಾಕ್ಟ್ರಮ್ಮ ಬಗ್ಗಿ ನೋಡುದ್ರು. ದೀಪ ಎಳ್ಕಂಡು ನೋಡುದ್ರು. ಆಮೇಲೆ ಫೋನಲ್ಲಿರೋ ಗೀಟೆಲ್ಲಾ ನೋಡುದ್ರು. ಹನ್ನೆರಡು, ಹದ್ಮೂರು, ಹದ್ನಾಕನೇ ತಾರೀಕಿನ ತಾವ ಬೆಟ್ಟಿಟ್ಟು, "ಇಲ್ಲೇನಾಯ್ತು?" ಅಂದ್ರು.

ನಾನು ಬಾಯ್ ಬುಡೋ ಮೊದ್ಲು ನಮ್ಮೋಳು, "ಅದು ಮನೆ ವಿಚಾರ ಮೇಡಂ, ಮುಗ್ದೋಯ್ತು" ಅಂದ್ಲು.

"ಅಂಚು ಕೂಡ್ಕೊಳ್ತಾ ಇದೆ. ಕೀವಿಲ್ಲ. ಹೀಗೇ ಇದ್ರೆ ಹೆಬ್ಬೆಟ್ಟು ತೆಗಿಯೋ ಮಾತಿಲ್ಲ" ಅಂದ್ರು. ಕೋಮಲ ಅವ್ರವ್ವನ ಎಗ್ಲಿಗೆ ಮುಖ ಇಟ್ಲು.

"ಮೇಡಂ, ಕಾಲಿಗೆ ಮತ್ತೆ ಗೊತ್ತಾದದಾ?" ಅಂದೆ. ಇದು ಜೋಕಲ್ಲ, ಕೇಳ್ಬೇಕು ಅನ್ನುಸ್ತು.

"ಹೋಗಿದ್ದು ವಾಪಸ್ ಬರೋದು ಕಷ್ಟ. ಇರೋದನ್ನ ಕಾಪಾಡ್ಕೊಳಿ. ಬರಿಗಾಲಲ್ಲಿ ನಡೀಬೇಡಿ. ಒಲೆ ಮುಂದೆ ನಿಂತು ಮಾಡೋ ಕೆಲಸ ಸಾಕು. ದಿನಾ ಪಾದ ಯಾರಾದ್ರೂ ನೋಡ್ಲಿ."

ಬಿಲ್ಲೆ ಕಿತ್ರು. ಕೂದ್ಲಿನಂಥ ಎಳೆ ತೋರುಸುದ್ರು, ಬಗ್ಗೋಗಿತ್ತು. ಇಷ್ಟೇ ಇಷ್ಟು. ಎಲ್ರುನ್ನೂ ಎಂಗ್ ಕುಣಿಸ್ತಪ್ಪ. ಸಂಜೆ ಊಟದೊತ್ತಿಗೆ ಮರಿತಾಯಮ್ಮ ಸುಮ್ಸುಮ್ಕೆ ಫೋನ್ ತಗುದ್ ನೋಡುದ್ಲು, ಅದ್ರಲ್ಲಿ ಏನೂ ಇರ್ಲಿಲ್ಲ. ಅರ್ಧ ಇಟ್ಟು ಸಾಕು ಮೀ ಅಂತ ನಾನೇ ಏಳ್ದೆ.

ಮೇ 24, ಶನಿವಾರ

ಹೆಡತಲೆ ಊರಿಂದ ಫೋನ್ ಬಂತು. ನಾಮಕರಣವಂತೆ. ನಾನು ಅಟ್ಟಿಲಿ ಕುಂತು ಕಾಲಿಗೆ ಗಾಳಿ ಆಡುಸ್ತಾ ಇದ್ದೆ. ಅಲೋ ಅಂದೆ. "ಅಡಿಗೆ ಮರಿತಾಯಮ್ಮೋರ ಮನೇನಾ?" ಅಂದ್ರು. ಮೇಷ್ಟ್ರ ಮದ್ವೇಲಿ ಉಂಡೋರಂತೆ.

ನಂಬರ್ ತಪ್ಪು ಅನ್ನಾಣ ಅಂತಿದ್ದೆ. "ತಡೀರಿ" ಅಂತ ಕೊಟ್ಟೆ.

ಬೀದಿ ಬಾಗ್ಲ ತಾವ ನಿಂತ್ಕಂಡು ಮಾತಾಡುದ್ಲು ನೋಡು, ಇಪ್ಪತ್ ವರ್ಸದಿಂದ ಇದೇ ಮಾಡ್ತಿದ್ದೋಳಂಗೆ. ಎಷ್ಟ್ ಎಲೆ, ನೀರೆಲ್ಲಿದು, ಸೌದೆನಾ ಗ್ಯಾಸಾ. ಲಾಡು ಬ್ಯಾಡ, ಮಗು ನಾಮಕರಣಕ್ಕೆ ಶಾವಿಗೆ ಪಾಯಸ ಮಾಡಾಣ ಅಂತ ಅವ್ಳೇ ತೀರ್ಮಾನ ಮಾಡ್ಬುಟ್ಲು. ಜೊತೆಗೆ ಯಾರ್ ಬತ್ತಾರೆ ಅಂತ ಕೇಳುದ್ರೋ ಏನೋ, ನನ್ ಕಡೆ ಒಂದ್ ಸಲ ನೋಡಿ, "ನಮ್ಮೆಜಮಾನ್ರು ಅವ್ರೆ, ದೇವರಾಜು ಅವ್ನೆ" ಅಂದ್ಲು.

ಫೋನ್ ಇಟ್ಟು ಬಂದು ನಿಂತ್ಲು. ನನ್ ಕೇಳ್ದೆ ಒಪ್ಕಂಡವ್ಳೆ. ಏನಾರ ಅನ್ಲೇಬೇಕು ಅಂತ ಬಾಯ್ ತಗ್ದೆ.

"ಎಷ್ಟ್ ಜನ?"

"ಮುನ್ನೂರು."

"ಈಳಿಗೆ ಮಣೆ ಮೊಂಡಾಗ್ಬುಟ್ಟದೆ" ಅಂದೆ. "ನಾಳೆ ಸಾಣೆ ಇಡುಸ್ಕಬತ್ತೀನಿ. ಮುನ್ನೂರು ಜನಕ್ಕೆ ಈರುಳ್ಳಿ ಎಚ್ಚೋದು ಅಂದ್ರೆ ಉಡ್ಗಾಟ ಅನ್ಕಂಡ್ಯಾ."